ಸಾಲ್ಟ್ ಲೇಕ್ ಸಿಟಿ ಟೆಂಪಲ್ ಸ್ಕ್ವೇರ್ ಟೂರ್ ಮತ್ತೆ ಫ್ಯಾಮಿಲಿಸರ್ಚ್ ಲೈಬ್ರರಿ: ಮಾರ್ಮನ್ನರ ಬಗ್ಗೆ ಇರೋ ಡೌಟೆಲ್ಲ ಅಲ್ಲೇ ಹೋಗಿ ಕೇಳಿ

ಯೂಟಾ ಕಡೆ ಟ್ರಿಪ್ ಹಾಕೋ ನಮ್ಮೋರು ಸಾಮಾನ್ಯವಾಗಿ ಆರ್ಚಸ್, ಬ್ರೈಸ್ ಎಲ್ಲ ನೋಡ್ಕೊಂಡು, ಇಲ್ಲಾಂದ್ರೆ ಯೆಲ್ಲೋಸ್ಟೋನ್‌ಗೆ ಹೋಗೋ ದಾರೀಲಿ ಸಾಲ್ಟ್ ಲೇಕ್ ಸಿಟೀಲಿ ಒಂದು ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಹೊರಟ್ಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಡೌನ್‌ಟೌನಲ್ಲಿ ಟೆಂಪಲ್ ಸ್ಕ್ವೇರ್ ಅಂತ ಇದೆ, ಮಾರ್ಮನ್ನರು ಅಂತ ಕರೆಯೋ ಪಂಗಡದ ಚರ್ಚಿನ ಮುಖ್ಯ ಜಾಗ, ಅಲ್ಲಿ ಫ್ರೀಯಾಗಿ ಟೂರ್ ಕೊಡ್ತಾರೆ, ರಸ್ತೆ ದಾಟಿದ್ರೆ ವಂಶಾವಳಿ ಹುಡುಕೋಕೆ ಅವರೇ ಇಟ್ಟಿರೋ ಫ್ಯಾಮಿಲಿಸರ್ಚ್ ಲೈಬ್ರರಿ, ಅದೂ ಫ್ರೀ. ಎರಡಕ್ಕೂ ಸೇರಿಸಿ ಅರ್ಧ ದಿನ ಇಟ್ಕೊಂಡ್ರೆ ಸಾಕು. ನಾನು ಇಲ್ಲೇ ಹತ್ರ ಕೆಲಸ ಮಾಡ್ಕೊಂಡಿರೋದ್ರಿಂದ ಊರಿಂದ ಬಂದೋರನ್ನೆಲ್ಲ ಅಲ್ಲಿಗೆ ಕರ್ಕೊಂಡು ಹೋಗ್ತೀನಿ, ಹೋದ ಬೇಸಿಗೇಲಿ ಧಾರವಾಡದಿಂದ ಅಪ್ಪ ಅಮ್ಮ ಬಂದಾಗಲೂ ಹೋಗಿದ್ವಿ. ಅವರು ಕೇಳಿದ ಪ್ರಶ್ನೆಗಳೇ ಎಲ್ಲರೂ ಕೇಳೋ ಪ್ರಶ್ನೆಗಳು ಅನ್ಸಿ ಇದನ್ನ ಸ್ವಲ್ಪ ಉದ್ದವಾಗೇ ಬರೀತಿದೀನಿ.

ಮೊದ್ಲು ಟೂರ್ ಬಗ್ಗೆ. ಟಿಕೆಟ್ ಇಲ್ಲ, ಗೈಡ್‌ಗೆ ಟಿಪ್ಸ್ ಕೊಡೋ ಮಾತೂ ಇಲ್ಲ. ಟೂರ್ ಮಾಡ್ಸೋರು ಇಪ್ಪತ್ತರ ಆಸುಪಾಸಿನ ಹುಡುಗೀರು, ಇಬ್ಬಿಬ್ಬರು ಜೋಡಿಯಾಗಿ ಓಡಾಡ್ತಾರೆ, ಎದೆ ಮೇಲೆ ಕಪ್ಪು ಬ್ಯಾಡ್ಜು, ಅದರ ಜೊತೆ ಅವರವರ ದೇಶದ ಪುಟ್ಟ ಬಾವುಟ. ನಮಗೆ ಸಿಕ್ಕಿದ್ದು ಒಬ್ಬಳು ಫಿಲಿಪ್ಪೀನ್ಸ್, ಇನ್ನೊಬ್ಬಳು ಬ್ರೆಜಿಲ್. ಇವರು ಮಿಷನರಿಗಳು, ಅಂದ್ರೆ ಹುಡುಗರಾದ್ರೆ ಎರಡು ವರ್ಷ, ಹುಡುಗೀರಾದ್ರೆ ಒಂದೂವರೆ ವರ್ಷ ಓದು ಕೆಲಸ ಎಲ್ಲ ಬಿಟ್ಟು ಚರ್ಚ್ ಹೇಳಿದ ಊರಿಗೆ ಹೋಗಿ ಸೇವೆ ಮಾಡೋದು. ಸಂಬಳ ಇಲ್ಲ, ಖರ್ಚಿನ ದುಡ್ಡನ್ನ ಅವರೋ ಅವರ ಮನೆಯವರೋ ಹೊಂದಿಸ್ಕೋಬೇಕು, ಯಾವ ಊರಿಗೆ ಹೋಗ್ಬೇಕು ಅನ್ನೋದೂ ಅವರ ಕೈಲಿಲ್ಲ. ಇದನ್ನ ಕೇಳಿ ಅಮ್ಮ ಆ ಫಿಲಿಪ್ಪೀನ್ಸ್ ಹುಡುಗಿ ಕೈ ಹಿಡ್ಕೊಂಡು "ಅವ್ವನ ನೆನಪ ಬರೂದಿಲ್ಲೇನ?" ಅಂತ ಧಾರವಾಡ ಕನ್ನಡದಲ್ಲೇ ಕೇಳಿದ್ರು, ನಾನು ಇಂಗ್ಲಿಷ್‌ನಲ್ಲಿ ಹೇಳೋಷ್ಟ್ರಲ್ಲಿ ಅವಳಿಗೇ ಅರ್ಥ ಆಗಿತ್ತು, ವಾರಕ್ಕೊಂದು ಸಲ ವಿಡಿಯೋ ಕಾಲ್ ಮಾಡ್ತೀನಿ ಆಂಟಿ ಅಂದ್ಲು. "ನಮ್ಮನ್ನ ಮತಾಂತರ ಮಾಡೋಕೆ ನೋಡ್ತಾರಾ?" ಅಂತ ತುಂಬಾ ಜನ ಕೇಳ್ತಾರೆ. ಅದು ಮಿಷನ್ ಅನ್ನೋದನ್ನ ಅವರೇನೂ ಮುಚ್ಚಿಡಲ್ಲ, ಕೊನೇಲಿ ಇನ್ನೂ ತಿಳ್ಕೊಳ್ಳೋಕೆ ಇಷ್ಟ ಇದ್ರೆ ನಿಮ್ಮೂರಲ್ಲೇ ಯಾರಾದ್ರೂ ಬಂದು ಮಾತಾಡ್ತಾರೆ ಅಂತ ಹೇಳ್ತಾರೆ, ಬೇಡ ಥ್ಯಾಂಕ್ಸ್ ಅಂದ್ರೆ ನಕ್ಕು ಸುಮ್ನಾಗ್ತಾರೆ. ನಾನು ಯಾವಾಗ್ಲೂ ಹಾಗೇ ಹೇಳೋದು, ಒಂದು ಸಲಾನೂ ಮುಜುಗರ ಆಗಿಲ್ಲ.

ಟೂರಲ್ಲಿ ನನಗೆ ತುಂಬಾ ಇಷ್ಟ ಆಗೋ ಜಾಗ ಟ್ಯಾಬರ್ನೇಕಲ್. 1867ರಲ್ಲಿ ಮುಗಿಸಿದ ಸಭಾಭವನ, ಮೇಲ್ಛಾವಣಿ ಗುಮ್ಮಟದ ಥರ ಬಾಗಿದೆ, ಒಳಗೆ ನಡೂಮಧ್ಯ ಒಂದು ಕಂಬ ಇಲ್ಲ. ಮರದ ತೊಲೆಗಳನ್ನ ಜಾಲರಿ ಥರ ಹೆಣೆದು ಮರದ ಗೂಟ ಹೊಡೆದು ನಿಲ್ಸಿರೋದು, ಮರ ಸೀಳಿದ ಕಡೆ ಹಸೀ ಚರ್ಮ ಸುತ್ತಿದಾರೆ, ಒಣಗಿದ ಮೇಲೆ ಅದು ಬಿಗಿಯಾಗಿ ಹಿಡ್ಕೊಳ್ಳುತ್ತೆ. ಬೆಂಚುಗಳ ಹತ್ರ ಬಗ್ಗಿ ನೋಡಿ, ಓಕ್ ಮರ ಅಂತ ಕಾಣುತ್ತೆ, ನಿಜವಾಗಿ ಪೈನ್, ಓಕಿನ ಗೆರೆಗಳನ್ನ ಕೈಯಲ್ಲಿ ಪೇಂಟ್ ಮಾಡಿರೋದು. ಬಾಲ್ಕನಿ ಕಂಬಗಳೂ ಅಷ್ಟೇ, ಮಾರ್ಬಲ್ ಅನ್ಕೊಂಡು ಮುಟ್ಟಿದ್ರೆ ಮರ. ಆಗ ಆ ಮರುಭೂಮೀಲಿ ಅವರಿಗೆ ಸಿಗ್ತಿದ್ದಿದ್ದೇ ಆ ಮರ, ಆದ್ರೂ ದೇವರಿಗೆ ಒಳ್ಳೇದನ್ನೇ ಕೊಡ್ಬೇಕು ಅಂತ ಕೂತು ಗೆರೆ ಎಳೆದಿದಾರೆ ನೋಡಿ, ಅದು ನನಗೆ ಮನಸ್ಸಿಗೆ ತಟ್ಟುತ್ತೆ. ಎದುರಿಗೆ 11,623 ಪೈಪಿನ ಆರ್ಗನ್. ಗೈಡ್ ಹುಡುಗಿ ಮುಂದೆ ನಿಂತು ಒಂದು ಗುಂಡುಸೂಜಿ ಬೀಳ್ಸಿದ್ರೆ ಮೈಕ್ ಇಲ್ದೇ ಕೊನೇ ಸಾಲಲ್ಲಿ ಕೂತೋರಿಗೂ ಟಿಕ್ ಅಂತ ಕೇಳ್ಸುತ್ತೆ, ಅಪ್ಪನಿಗೆ ಹಿಯರಿಂಗ್ ಏಡ್ ಇದೆ, ಅವರಿಗೂ ಕೇಳಿಸ್ತು! ಗುರುವಾರ ಸಂಜೆ ಚರ್ಚಿನ ಕ್ವಾಯರ್ (ಹಾಡೋ ತಂಡ) ಪ್ರಾಕ್ಟೀಸ್ ಇರುತ್ತೆ, ಯಾರು ಬೇಕಾದ್ರೂ ಹೋಗಿ ಕೂರ್ಬೋದು. ಸುಮಾರು 360 ಜನರ ಕ್ವಾಯರು, ಯಾರಿಗೂ ಸಂಬಳ ಇಲ್ಲ, 1929ರಿಂದ ಪ್ರತಿ ವಾರ ಇವರ ಕಾರ್ಯಕ್ರಮ ರೇಡಿಯೋದಲ್ಲಿ ಬರ್ತಿದೆ. ಕೆಲವು ಸಲ ಪಕ್ಕದ ಕಾನ್ಫರೆನ್ಸ್ ಸೆಂಟರ್‌ಗೆ ಶಿಫ್ಟ್ ಮಾಡ್ತಾರೆ, ಹೋಗೋ ಮುಂಚೆ ವೆಬ್‌ಸೈಟ್ ನೋಡ್ಕೊಳ್ಳಿ.

ಇನ್ನು ಟೆಂಪಲ್. 1853ರಲ್ಲಿ ಶುರು ಮಾಡಿ 1893 ಏಪ್ರಿಲ್ 6ಕ್ಕೆ ಮುಗಿಸಿದ್ದು, ನಲವತ್ತು ವರ್ಷ. ಕಲ್ಲೆಲ್ಲ ಲಿಟಲ್ ಕಾಟನ್‌ವುಡ್ ಕ್ಯಾನ್ಯನ್‌ನಿಂದ ತಂದಿದ್ದು, ಶುರುವಿನ ವರ್ಷಗಳಲ್ಲಿ ಎತ್ತಿನ ಗಾಡೀಲಿ ಎಳೀತಿದ್ರು, ಆಮೇಲೆ ರೈಲು ಬಂತು. 2019ರ ಕೊನೇಲಿ ರಿಪೇರಿಗೆ ಅಂತ ಮುಚ್ಚಿದ್ರು, ಮುಚ್ಚಿ ಮೂರು ತಿಂಗಳಿಗೆ, 2020 ಮಾರ್ಚ್‌ನಲ್ಲಿ 5.7ರ ಭೂಕಂಪ ಆಗಿ ಮೇಲಿದ್ದ ಮೊರೋನೈ ಅನ್ನೋ ದೇವದೂತನ ಪ್ರತಿಮೆಯ ಕೈಯಿಂದ ಕಹಳೆ ಕೆಳಗೆ ಬಿತ್ತು. ಈಗ ಭೂಕಂಪ ತಡ್ಕೊಳ್ಳೋ ಹಾಗೆ ಇಡೀ ಕಟ್ಟಡದ ಕೆಳಗೆ ಬೇಸ್ ಐಸೋಲೇಟರ್ ಹಾಕಿದಾರೆ. ಅಮ್ಮನ ಪ್ರಶ್ನೆ ಇಲ್ಲೇ ಬಂದಿದ್ದು: "ಗುಡಿ ಅಂದಮ್ಯಾಲೆ ಎಲ್ಲಾರೂ ಒಳಗ ಹೋಗಬೇಕಲ್ಲ, ಇವರ್ಯಾಕ ಬಿಡೂದಿಲ್ಲ?" ಇದು ಎಲ್ಲರಿಗೂ ಕನ್ಫ್ಯೂಸ್ ಆಗೋ ವಿಷ್ಯ. ಭಾನುವಾರದ ಪ್ರಾರ್ಥನೆಗೆ ಟೆಂಪಲ್‌ಗೆ ಹೋಗಲ್ಲ, ಭಾನುವಾರ ಟೆಂಪಲ್ಲೇ ಮುಚ್ಚಿರುತ್ತೆ. ವಾರದ ಪ್ರಾರ್ಥನೆ ನಡೆಯೋದು ಏರಿಯಾ ಏರಿಯಾದಲ್ಲಿರೋ ಸಾದಾ ಮೀಟಿಂಗ್‌ಹೌಸ್‌ನಲ್ಲಿ, ಅಲ್ಲಿಗೆ ಯಾರು ಬೇಕಾದ್ರೂ ಹೋಗ್ಬೋದು. ಟೆಂಪಲ್ ಇರೋದು ಮದುವೆ, ಪ್ರತಿಜ್ಞೆ, ತೀರಿಹೋದ ಹಿರಿಯರ ಹೆಸರಲ್ಲಿ ಮಾಡೋ ದೀಕ್ಷೆ ಇಂಥವಕ್ಕೆ. ಒಳಗೆ ಹೋಗ್ಬೇಕಂದ್ರೆ ಚರ್ಚಿನ ಸದಸ್ಯರಾಗಿರ್ಬೇಕು, ಬಿಷಪ್ ಹತ್ರ ಕೂತು ನಡತೆ ನಂಬಿಕೆ ಬಗ್ಗೆ ಕೇಳೋದಕ್ಕೆಲ್ಲ ಉತ್ತರ ಕೊಟ್ಟು ರೆಕಮೆಂಡ್ ಅನ್ನೋ ಕಾರ್ಡ್ ತಗೊಂಡಿರ್ಬೇಕು. ಮಗಳ ಮದುವೆ ಒಳಗೆ ನಡೀತಿದ್ರೂ ಅಪ್ಪ ಅಮ್ಮ ಸದಸ್ಯರಲ್ದಿದ್ರೆ ಹೊರಗೇ ಕಾಯ್ಬೇಕು. ಇದು ನನಗೆ ಇವತ್ತಿಗೂ ಒಪ್ಪಿಗೆ ಆಗದೇ ಇರೋ ವಿಷ್ಯ, ಆದ್ರೆ 2019ರಲ್ಲಿ ಒಂದು ಬದಲಾವಣೆ ತಂದ್ರು, ಮೊದ್ಲು ಹೊರಗೆ ಎಲ್ಲರ ಎದುರು ಮದುವೆ ಮಾಡ್ಕೊಂಡು ಆಮೇಲೆ ಟೆಂಪಲ್‌ಗೆ ಹೋಗ್ಬೋದು, ಮುಂಚಿನ ಹಾಗೆ ಒಂದು ವರ್ಷ ಕಾಯ್ಬೇಕಾಗಿಲ್ಲ.

"ಇವರು ಕ್ರಿಶ್ಚಿಯನ್ನರಾ ಅಲ್ವಾ?" ಅವರನ್ನ ಕೇಳಿದ್ರೆ ಖಂಡಿತ ಹೌದು ಅಂತಾರೆ, ಚರ್ಚಿನ ಪೂರ್ತಿ ಹೆಸರೇ ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್, 2018ರಿಂದ ಈಚೆಗೆ ಮಾರ್ಮನ್ ಅನ್ನದೇ ಆ ಹೆಸರಲ್ಲೇ ಕರೀರಿ ಅಂತ ಕೇಳ್ಕೊಳ್ತಾರೆ. ಬೇರೆ ಪಂಗಡಗಳು ಅಷ್ಟು ಸುಲಭವಾಗಿ ಒಪ್ಪಲ್ಲ, ಕ್ಯಾಥೊಲಿಕ್ಕರು 2001ರಲ್ಲಿ ಇವರ ದೀಕ್ಷಾಸ್ನಾನ ನಮಗೆ ಮಾನ್ಯ ಅಲ್ಲ ಅಂತ ಹೇಳಿದಾರೆ. ಯಾಕಂದ್ರೆ ಇವರಿಗೆ ತಂದೆ, ಮಗ, ಪವಿತ್ರಾತ್ಮ ಮೂರೂ ಬೇರೆ ಬೇರೆ, ತಂದೆಯಾದ ದೇವರಿಗೂ ಮೂಳೆ ಮಾಂಸದ ದೇಹ ಇದೆ ಅಂತ ನಂಬ್ತಾರೆ, ಬೈಬಲ್ ಜೊತೆ ಬುಕ್ ಆಫ್ ಮಾರ್ಮನ್ ಸೇರಿ ಇನ್ನೂ ಮೂರು ಧರ್ಮಗ್ರಂಥ ಇದೆ, ಈಗ್ಲೂ ಒಬ್ಬ ಪ್ರವಾದಿ ಬದುಕಿದ್ದಾನೆ ಅಂತಾರೆ. ಕಥೆ ಏನಂದ್ರೆ, ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಹತ್ರ ಜೋಸೆಫ್ ಸ್ಮಿತ್ ಅನ್ನೋ ರೈತರ ಮನೆ ಹುಡುಗ, 1820ರಲ್ಲಿ ನನಗೆ ದೇವರ ದರ್ಶನ ಆಯ್ತು ಅಂದ, ಆಮೇಲೆ ಮೊರೋನೈ ಅನ್ನೋ ದೇವದೂತ ಗುಡ್ಡದಲ್ಲಿ ಹೂತಿದ್ದ ಚಿನ್ನದ ಹಾಳೆಗಳನ್ನ ತೋರಿಸಿದ, ಅದನ್ನ ಅನುವಾದ ಮಾಡಿದ್ದೇ ಈ ಪುಸ್ತಕ ಅಂದ. ಪುಸ್ತಕ ಅಚ್ಚಾಗಿದ್ದೂ ಚರ್ಚ್ ಶುರುವಾಗಿದ್ದೂ 1830ರಲ್ಲಿ. ಹೋದಕಡೆಯೆಲ್ಲ ಜನ ಓಡ್ಸಿದ್ರು, 1844ರಲ್ಲಿ ಇಲಿನಾಯ್ ರಾಜ್ಯದ ಕಾರ್ತೇಜ್ ಜೈಲಿಗೆ ಗುಂಪು ನುಗ್ಗಿ ಜೋಸೆಫ್‌ನ ಕೊಂದ್ರು, ಉಳಿದೋರನ್ನ ಬ್ರಿಗಮ್ ಯಂಗ್ ಕರ್ಕೊಂಡು 1847 ಜುಲೈ 24ಕ್ಕೆ ಈ ಕಣಿವೆಗೆ ಬಂದ. ಆ ದಿನ ಯೂಟಾಗೆ ಈಗ್ಲೂ ಸರ್ಕಾರಿ ರಜಾ. ಅಪ್ಪ ಪುನರ್ಜನ್ಮ ಉಂಟಾ ಅಂತ ಕೇಳಿದ್ರು, ಇಲ್ಲ, ಹುಟ್ಟೋಕೆ ಮುಂಚೆ ಎಲ್ಲ ಆತ್ಮಗಳೂ ದೇವರ ಹತ್ರ ಇದ್ವು, ಭೂಮಿಗೆ ಬರೋದು ಒಂದೇ ಸಲ, ಸತ್ತ ಮೇಲೆ ಕುಟುಂಬ ಮತ್ತೆ ಒಟ್ಟಾಗಿ ಇರ್ಬೋದು ಅಂತ ಬ್ರೆಜಿಲ್ ಹುಡುಗಿ ನಿಧಾನವಾಗಿ ಬಿಡ್ಸಿ ಹೇಳಿದ್ಲು. ಈ ಕೊನೇ ಮಾತನ್ನ ನೆನಪಿಟ್ಕೊಳ್ಳಿ, ಲೈಬ್ರರಿ ಇರೋದೇ ಅದಕ್ಕೆ.

ಬಹುಪತ್ನಿತ್ವದ ಪ್ರಶ್ನೆ ಕೇಳೋಕೆ ನಮ್ಮೋರು ಸಂಕೋಚ ಪಡ್ತಾರೆ, ಪಡ್ಬೇಡಿ, ಕೇಳಿ. ಜೋಸೆಫ್ ಸ್ಮಿತ್‌ಗೂ ಬ್ರಿಗಮ್ ಯಂಗ್‌ಗೂ ತುಂಬಾ ಹೆಂಡತಿಯರಿದ್ದಿದ್ದು ನಿಜ, 1890ರಲ್ಲಿ ಆಗಿನ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಇನ್ಮೇಲೆ ಬೇಡ ಅಂತ ಪ್ರಕಟಣೆ ಕೊಟ್ರು, 1896ರಲ್ಲಿ ಯೂಟಾಗೆ ರಾಜ್ಯದ ಸ್ಥಾನ ಸಿಕ್ತು. ಈಗ ಯಾರಾದ್ರೂ ಹಾಗೆ ಮದುವೆ ಆದ್ರೆ ಚರ್ಚಿಂದ ಹೊರಗೆ ಹಾಕ್ತಾರೆ. ಟಿವೀಲಿ ತೋರ್ಸೋದು ಬೇರೆ ಒಡೆದುಹೋದ ಗುಂಪುಗಳನ್ನ. ಟೂರ್ ಚಿಕ್ಕದು, ಅಲ್ಲಿ ಇಷ್ಟೇ ಹೇಳೋಕಾಗೋದು, ಪೂರ್ತಿ ಬೇಕಂದ್ರೆ ಈ ವಿಷಯದ ಮೇಲೆ ಚರ್ಚೇ 2014ರಲ್ಲಿ ತನ್ನ ವೆಬ್‌ಸೈಟಲ್ಲಿ ಹಾಕಿರೋ ಲೇಖನಗಳನ್ನ ಓದಿ. ಜೋಸೆಫ್‌ನ ಹೆಂಡತಿಯರಲ್ಲಿ ಹದಿನಾಲ್ಕು ವರ್ಷದ ಹುಡುಗೀನೂ ಇದ್ಲು ಅನ್ನೋದನ್ನ ಅಲ್ಲಿ ಅವರೇ ಒಪ್ಕೊಂಡಿದಾರೆ. ಓದೋಕೆ ಕಷ್ಟ ಆಗುತ್ತೆ, ಆದ್ರೂ ಓದ್ಬೇಕು. ಹಾಗೇ 1978ರ ತನಕ ಕಪ್ಪು ಗಂಡಸರಿಗೆ ಪೌರೋಹಿತ್ಯ ಕೊಡ್ತಿರ್ಲಿಲ್ಲ ಅನ್ನೋದನ್ನೂ.

ಕಾಫಿ! ನಮ್ಮೋರು ಕೇಳೋ ಮೊದಲ್ನೇ ಪ್ರಶ್ನೆ ಇದೇ. 1833ರ ಒಂದು ದೈವವಾಣಿ ಪ್ರಕಾರ ಹೆಂಡ, ತಂಬಾಕು, ಕಾಫಿ, ಟೀ ಯಾವ್ದೂ ಇಲ್ಲ. ಕೋಲಾ ಕುಡೀಬೋದು, ಬಿಸಿ ಚಾಕ್ಲೇಟ್ ಕುಡೀಬೋದು, ಯೂಟಾದಲ್ಲಿ ಸೋಡಾಗೆ ತೆಂಗಿನ ಸಿರಪ್ಪು ಕ್ರೀಮು ಹಾಕಿ ಕೊಡೋ ಡ್ರೈವ್-ಥ್ರೂ ಅಂಗಡಿ ಮೂಲೆಮೂಲೇಲಿ ಇವೆ. ನಿಮಗೆ ಇಲ್ಲಿ ಫ್ರೆಂಡ್ಸ್ ಇದ್ದು ಮನೆಗೆ ಕರೆದ್ರೆ ಫಿಲ್ಟರ್ ಕಾಫಿ ಮುಂದಿಟ್ಟು ಅವರನ್ನ ಇಕ್ಕಟ್ಟಿಗೆ ಸಿಗಿಸ್ಬೇಡಿ, ಬಾದಾಮಿ ಹಾಲು ಕೊಡಿ, ಮಜ್ಜಿಗೆ ಕೊಡಿ. ನಮ್ಮ ಪಕ್ಕದ್ಮನೆಯವರಿಗೆ ಅಮ್ಮ ಜೀರಿಗೆ ಕೊತ್ತಂಬರಿ ಬೀಜ ಹುರಿದು ಬೆಲ್ಲ ಹಾಕಿ ಕಷಾಯ ಮಾಡ್ಕೊಟ್ರು, ಇದರಲ್ಲಿ ಟೀ ಸೊಪ್ಪು ಇಲ್ಲ ತಾನೇ ಅಂತ ಕೇಳ್ಕೊಂಡು ಎರಡೆರಡು ಲೋಟ ಕುಡಿದು ಪುಡಿ ಡಬ್ಬೀನೂ ತಗೊಂಡು ಹೋದ್ರು. ತಿಂಗಳ ಮೊದಲ್ನೇ ಭಾನುವಾರ ಉಪವಾಸ ಮಾಡ್ತಾರೆ, ಎರಡು ಹೊತ್ತು ಬಿಟ್ಟು ಆ ಊಟದ ದುಡ್ಡನ್ನ ಕಷ್ಟದಲ್ಲಿರೋರಿಗೆ ಅಂತ ಕೊಡ್ತಾರೆ. ಏಕಾದಶಿ ಮಾಡೋ ಅಮ್ಮನಿಗೆ ಇದು ತುಂಬಾ ಹಿಡಿಸ್ತು.

ಸಂಘಟನೆ ವಿಷ್ಯಕ್ಕೆ ಬಂದ್ರೆ, ಮೇಲೆ ಅಧ್ಯಕ್ಷ ಮತ್ತೆ ಇಬ್ಬರು ಸಲಹೆಗಾರರು, ಅವರ ಕೆಳಗೆ ಹನ್ನೆರಡು ಜನ ಅಪೋಸ್ತಲರು. ಅಧ್ಯಕ್ಷ ತೀರ್ಕೊಂಡ್ರೆ ಎಲೆಕ್ಷನ್ ಇಲ್ಲ, ಅಪೋಸ್ತಲರಲ್ಲಿ ಸೀನಿಯರ್ ಯಾರೋ ಅವರೇ ಮುಂದಿನೋರು. 2025 ಸೆಪ್ಟೆಂಬರ್‌ನಲ್ಲಿ ರಸೆಲ್ ನೆಲ್ಸನ್ 101ನೇ ವಯಸ್ಸಲ್ಲಿ ತೀರ್ಕೊಂಡ್ಮೇಲೆ ಡಾಲಿನ್ ಓಕ್ಸ್ ಬಂದಿದ್ದು ಹೀಗೇ. ಕೆಳಗಡೆ ಏರಿಯಾ ಲೆಕ್ಕದಲ್ಲಿ ವಾರ್ಡ್, ನಾಕಾರು ವಾರ್ಡ್ ಇಲ್ಲ ಅದಕ್ಕಿಂತ ಜಾಸ್ತಿ ಸೇರಿದ್ರೆ ಸ್ಟೇಕ್. ವಾರ್ಡಿನ ಬಿಷಪ್ ಅಂದ್ರೆ ಅದೇ ಏರಿಯಾದ ಒಬ್ಬ ಡೆಂಟಿಸ್ಟೋ ಮೇಷ್ಟ್ರೋ ಇರ್ತಾರೆ, ಐದು ವರ್ಷದ ಹಾಗೆ ಸಂಬಳ ಇಲ್ದೇ ಮಾಡಿ ಇನ್ನೊಬ್ಬರಿಗೆ ಬಿಟ್ಟುಕೊಡ್ತಾರೆ. ಭಾನುವಾರ ಭಾಷಣ ಮಾಡೋರೂ ಸದಸ್ಯರೇ, ಟೀನೇಜ್ ಮಕ್ಕಳೂ ಎದ್ದು ಮಾತಾಡ್ತಾರೆ. ಹೊಸಬರು ಮನೆ ಶಿಫ್ಟ್ ಮಾಡ್ತಿದ್ರೆ ವಾರ್ಡಿನೋರು ಬಂದು ಸೋಫಾ ಎತ್ತಿ ಇಳ್ಸಿ ಹೋಗ್ತಾರೆ, ನಾವು ಅವರ ಧರ್ಮದೋರಲ್ದಿದ್ರೂ. ಇದನ್ನ ನಾನು ಮನಸ್ಸು ತುಂಬಿ ಹೇಳ್ತೀನಿ. ಆದ್ರೆ ಹೆಂಗಸರಿಗೆ ಪೌರೋಹಿತ್ಯ ಇಲ್ಲ, ಬಿಷಪ್ ಆಗೋ ಹಾಗಿಲ್ಲ. 1842ರಲ್ಲೇ ಶುರುವಾದ ರಿಲೀಫ್ ಸೊಸೈಟಿ ಅಂತ ಹೆಂಗಸರ ಸಂಘ ಇದೆ, ದೊಡ್ಡ ಕೆಲಸ ಮಾಡುತ್ತೆ, ಆದ್ರೂ ಅದು ಈ ಪ್ರಶ್ನೆಗೆ ಉತ್ತರ ಅಂತ ನನಗನ್ಸಲ್ಲ. ದುಡ್ಡಿನ ವಿಷಯಾನೂ ಕೇಳ್ತಾರೆ: ಸದಸ್ಯರು ಆದಾಯದ ಹತ್ತನೇ ಒಂದು ಭಾಗ ಕೊಡ್ತಾರೆ, ಚರ್ಚಿನ ಇನ್ವೆಸ್ಟ್‌ಮೆಂಟ್ ಕಂಪನಿ ಶೇರುಗಳ ವಿವರವನ್ನ ಸರಿಯಾಗಿ ತೋರಿಸ್ಲಿಲ್ಲ ಅಂತ 2023ರಲ್ಲಿ ಅಮೆರಿಕದ ಷೇರು ನಿಯಂತ್ರಕರು ಆ ಕಂಪನಿಗೂ ಚರ್ಚಿಗೂ ಸೇರಿ 50 ಲಕ್ಷ ಡಾಲರ್ ದಂಡ ಹಾಕಿದ್ರು.

ಈಗ ಲೈಬ್ರರಿ. ನನ್ನ ಪ್ರಕಾರ ಟೂರಿಗಿಂತ ಇದಕ್ಕೇ ಜಾಸ್ತಿ ಟೈಮ್ ಇಡಿ, ಯಾಕಂದ್ರೆ ಈ ಜನ ಏನನ್ನ ನಂಬ್ತಾರೆ ಅನ್ನೋದು ಮಾತಿಗಿಂತ ಇಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಸತ್ತೋರಿಗೂ ದೀಕ್ಷೆ ಸಿಗ್ಬೇಕು, ಅವರ ಪರವಾಗಿ ಬದುಕಿರೋರು ಟೆಂಪಲ್‌ನಲ್ಲಿ ನೀರಲ್ಲಿ ಮುಳುಗಿ ಏಳ್ಬೇಕು, ಅದನ್ನ ಒಪ್ಕೊಳ್ಳೋದು ಬಿಡೋದು ಆ ಆತ್ಮಕ್ಕೆ ಬಿಟ್ಟಿದ್ದು ಅನ್ನೋದು ಅವರ ನಂಬಿಕೆ. ಅದಕ್ಕೆ ಪ್ರತಿಯೊಬ್ಬ ಪೂರ್ವಜರ ಹೆಸರೂ ಬೇಕು. ಅದಕ್ಕೋಸ್ಕರ 1894ರಲ್ಲಿ ವಂಶಾವಳಿ ಸಂಸ್ಥೆ ಕಟ್ಟಿದ್ರು, ಪ್ರಪಂಚ ಸುತ್ತಿ ಚರ್ಚು ಕೋರ್ಟು ಸರ್ಕಾರಿ ಕಡತಗಳನ್ನ ಫೋಟೋ ತೆಗೆದ್ರು, ಆ ಸುಮಾರು 24 ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳ ಮೂಲಪ್ರತಿಗಳನ್ನ ಟೆಂಪಲ್ ಕಲ್ಲು ತಂದ ಅದೇ ಕ್ಯಾನ್ಯನ್‌ನಲ್ಲಿ ಬೆಟ್ಟ ಕೊರೆದು ಇಟ್ಟಿದಾರೆ, 2021ಕ್ಕೆ ಅಷ್ಟನ್ನೂ ಡಿಜಿಟೈಸ್ ಮಾಡಿ ಮುಗಿಸಿದ್ರು. ಯಾವ ಧರ್ಮದೋರಾದ್ರೂ ಒಂದು ಫ್ರೀ ಅಕೌಂಟ್ ಮಾಡ್ಕೊಂಡು ಹುಡುಕ್ಬೋದು.

ಅಪ್ಪ ಒಳಗೆ ಬಂದು ಐದು ನಿಮಿಷ ಸುತ್ತ ನೋಡಿ "ಏ, ಇವರು ನಮ್ಮ ಹೆಳವರಿದ್ಧಂಗ ಅದಾರಲ್ಲೋ!" ಅಂದ್ರು. ಗೊತ್ತಿಲ್ದೋರಿಗೆ ಹೇಳ್ತೀನಿ, ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಅಂತ ಇದಾರೆ, ಸುಗ್ಗಿ ಮುಗಿದ್ಮೇಲೆ ಮನೆ ಮುಂದೆ ಬಂದು ನಿಮ್ಮ ಮುತ್ತಜ್ಜ ಯಾರು, ಮೂಲ ಯಾವೂರು, ಯಾರಿಗೆ ಎಷ್ಟು ಮಕ್ಕಳು ಅಂತ ಇಡೀ ವಂಶ ಓದಿ ಹೇಳ್ತಾರೆ, ಹೊಸದಾಗಿ ಹುಟ್ಟಿದೋರ ಹೆಸರು ಬರ್ಕೊಂಡು ಕಾಳುಕಡಿ ತಗೊಂಡು ಹೋಗ್ತಾರೆ. ಅಪ್ಪ ಇದನ್ನ ಅಲ್ಲಿದ್ದ ಎಪ್ಪತ್ತು ದಾಟಿದ ವಾಲಂಟಿಯರ್ ಅಜ್ಜಿಗೆ ವಿವರಿಸೋಕೆ ಶುರು ಮಾಡಿದ್ರು ನೋಡಿ, ಅವರು ಕುರ್ಚಿ ಎಳ್ಕೊಂಡು ಎದುರಿಗೇ ಕೂತ್ರು, ಒಂದು ಪೇಪರ್ ತಗೊಂಡು ಬರ್ಕೊಳ್ತಾ ಕೇಳಿದ್ರು, ಎತ್ತಿನ ಮೇಲೆ ಬರ್ತಾರಾ, ತಾಮ್ರದ ಪಟದಲ್ಲಿ ಬರ್ದಿರ್ತಾರಾ, ಹೆಣ್ಣುಮಕ್ಕಳ ಹೆಸರೂ ಇರುತ್ತಾ ಅಂತ. ಆ ಕೊನೇ ಪ್ರಶ್ನೆ ಕೇಳಿದಾಗ ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. ಆಮೇಲೆ ಅಜ್ಜಿ ಕಂಪ್ಯೂಟರ್ ಮುಂದೆ ಕೂರ್ಸಿ, ಮೊದ್ಲು ನಿಮಗೆ ಖಾತ್ರಿ ಇರೋ ಹೆಸರಿಂದ ಶುರು ಮಾಡಿ, ಕೇಳಿದ ಮಾತನ್ನ ಕೇಳಿದ ಮಾತು ಅಂತಲೇ ನಮೂದಿಸಿ, ಮನೇಲಿ ಹಳೇ ಜಾತಕ, ಸಾಲಿ ಸರ್ಟಿಫಿಕೇಟು, ಹೊಲದ ಉತಾರ ಇದ್ರೆ ಫೋಟೋ ತೆಗೆದು ಹಾಕಿ ಅಂತ ಹೇಳ್ಕೊಟ್ರು. ಅಪ್ಪನ ಅವ್ವನ ತವರಿನ ಕಡೆ ಹೆಸರುಗಳನ್ನ ಅವತ್ತೇ ಮೊದಲ ಸಲ ನಾನು ಬರ್ದಿಟ್ಕೊಂಡಿದ್ದು.

ನಿರೀಕ್ಷೆ ಮಾತ್ರ ಸರಿಯಾಗಿ ಇಟ್ಕೊಳ್ಳಿ. ಯುರೋಪಿನೋರಿಗೆ ಸಿಗೋ ಹಾಗೆ ನಮಗೆ ಬಟನ್ ಒತ್ತಿದ್ರೆ ಏಳು ತಲೆಮಾರು ಬರಲ್ಲ. ಭಾರತದ್ದು ಅಂದ್ರೆ ಬ್ರಿಟಿಷರ ಕಾಲದ ಚರ್ಚ್ ದಾಖಲೆಗಳು ಚೆನ್ನಾಗಿವೆ, ಹರಿದ್ವಾರದಂಥ ಕ್ಷೇತ್ರಗಳ ಪಂಡಾಗಳ, ಅಂದ್ರೆ ಅಲ್ಲಿನ ಪುರೋಹಿತರ, ವಂಶಾವಳಿ ಪುಸ್ತಕಗಳ (ಬಹಿಗಳ) ಸಂಗ್ರಹ ಇದೆ. ನಮ್ಮ ಹಳ್ಳಿ ಕಡೆ ಮನೆತನಗಳಿಗೆ ನಾವೇ ತುಂಬ್ಬೇಕು. ಅದಕ್ಕೆ ಜಾಗ ಚೆನ್ನಾಗಿದೆ, ಸ್ಕ್ಯಾನರ್ ಇದೆ, ಹೇಳ್ಕೊಡೋರಿದ್ದಾರೆ.

ಒಂದು ಮುಖ್ಯ ವಿಷ್ಯ, ಇದನ್ನ ಯೋಚಿಸಿ ಹಾಕಿ: ಅಲ್ಲಿರೋದು ಎಲ್ಲರೂ ಸೇರಿ ಕಟ್ಟೋ ಒಂದೇ ವಂಶವೃಕ್ಷ. ಬದುಕಿರೋರ ವಿವರ ನಿಮಗೆ ಮಾತ್ರ ಕಾಣುತ್ತೆ, ತೀರ್ಕೊಂಡೋರ ವಿವರ ಎಲ್ಲರಿಗೂ ಕಾಣುತ್ತೆ, ಬೇರೆಯೋರು ತಿದ್ದಲೂಬೋದು. "ನಮ್ಮಜ್ಜಿಗೆ ಯಾರೋ ದೀಕ್ಷೆ ಕೊಟ್ಬಿಟ್ರೆ?" ಅನ್ನೋ ಭಯ ಸುಮ್ಸುಮ್ನೆ ಬರೋದಲ್ಲ. ತಮ್ಮ ಸಂಬಂಧಿಕರ ಹೆಸರು ಮಾತ್ರ ಕೊಡ್ಬೇಕು, ಹುಟ್ಟಿ 110 ವರ್ಷ ಆಗಿಲ್ಲ ಅಂದ್ರೆ ಹತ್ತಿರದ ಬಂಧುಗಳ ಒಪ್ಪಿಗೆ ಬೇಕು ಅಂತ ಚರ್ಚಿನ ರೂಲ್ಸ್ ಇದೆ. ಆದ್ರೂ ಹಿಟ್ಲರ್ ಕಾಲದಲ್ಲಿ ಸತ್ತ ಯಹೂದಿಗಳ ಹೆಸರಲ್ಲಿ ಹೀಗೆ ಮಾಡಿ ದೊಡ್ಡ ನೋವಾಗಿ, 1995ರಲ್ಲಿ ನಿಲ್ಲಿಸ್ತೀವಿ ಅಂತ ಚರ್ಚ್ ಒಪ್ಪಂದ ಮಾಡ್ಕೊಂಡ್ಮೇಲೂ ಅಂಥ ಹೆಸರುಗಳು ಮತ್ತೆ ಕಾಣಿಸ್ಕೊಂಡಿದ್ವು. ಅದಕ್ಕೆ ಮನೆಯಲ್ಲಿ ಹಿರಿಯರನ್ನ ಕೇಳಿ ತೀರ್ಮಾನ ಮಾಡಿ. ನಮ್ಮಪ್ಪ "ಹೆಸರು ಉಳೀಲಿ, ಹಾಕು" ಅಂದ್ರು, ಅಮ್ಮ ತಮ್ಮ ತವರಿನ ಕಡೇದು ಬೇಡ ಅಂದ್ರು, ಹಾಗಾಗಿ ಅಮ್ಮನ ಕಡೇದೆಲ್ಲ ನಮ್ಮ ಸ್ವಂತ ನೋಟ್‌ಬುಕ್ಕಲ್ಲಿದೆ. ಎರಡೂ ಸರಿ.

ಬೆಂಗಳೂರಲ್ಲಿರೋರಿಗೂ ಇದು ದೂರದ ವಿಷ್ಯ ಏನಲ್ಲ. 1993ರಿಂದ ಬೆಂಗಳೂರು ಅವರ ಒಂದು ಮಿಷನ್ ಕೇಂದ್ರ, ಭಾರತದ ಮೊದಲನೇ ಟೆಂಪಲ್ ಬೆಂಗಳೂರಲ್ಲಿ ಅಂತ 2018 ಏಪ್ರಿಲ್‌ನಲ್ಲಿ ಘೋಷಣೆ ಆಯ್ತು, 2020 ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆ ಆಯ್ತು. ಉದ್ಘಾಟನೆಗೆ ಮುಂಚೆ ಸಾರ್ವಜನಿಕರನ್ನ ಒಳಗೆ ಬಿಟ್ಟು ತೋರಿಸೋದು ಅವರ ಪದ್ಧತಿ, ಅವಕಾಶ ಸಿಕ್ಕಿದ್ರೆ ತಪ್ಪಿಸ್ಕೋಬೇಡಿ.

ಹೋಗೋರಿಗೆ: ಟ್ರ್ಯಾಕ್ಸ್ ರೈಲು ಟೆಂಪಲ್ ಸ್ಕ್ವೇರ್ ಮುಂದೇನೇ ನಿಲ್ಲುತ್ತೆ, ಡೌನ್‌ಟೌನ್ ಒಳಗೆ ಅದು ಫ್ರೀ, ಹಾಗಾಗಿ ಪಾರ್ಕಿಂಗ್‌ಗೆ ತಲೆ ಕೆಡಿಸ್ಕೋಬೇಡಿ. ಭಾನುವಾರ ಲೈಬ್ರರಿ ಇರಲ್ಲ, ಎದುರುಗಡೆ ಸಿಟಿ ಕ್ರೀಕ್ ಮಾಲಿನ ಅಂಗಡಿಗಳೂ ಮುಚ್ಚಿರುತ್ವೆ, ವಾರದ ದಿನ ಹೋಗಿ. ಏಪ್ರಿಲ್, ಅಕ್ಟೋಬರ್ ಮೊದಲ ವಾರಾಂತ್ಯದ ಹತ್ರ ಅವರ ಜನರಲ್ ಕಾನ್ಫರೆನ್ಸ್ ಇರುತ್ತೆ, ಊರೆಲ್ಲ ತುಂಬಿ ಹೋಟೆಲ್ ರೇಟ್ ಏರಿರುತ್ತೆ. ವಯಸ್ಸಾದೋರಿದ್ರೆ ಬೆಳಿಗ್ಗೆನೇ ಟೂರ್ ಮುಗಿಸ್ಕೊಂಡು ಬಿಸಿಲೇರಿದ್ಮೇಲೆ ಲೈಬ್ರರಿಗೆ ಹೋಗಿ, ಎಸಿ ಇದೆ, ಕೂರೋಕೆ ಜಾಗ ಇದೆ. ಅಪ್ಪ ಅಮ್ಮನ್ನ ಕರೆಸ್ಕೊಳ್ಳೋ ಪ್ಲಾನ್ ಇರೋರು 2027 ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಕರೆಸ್ಕೊಳ್ಳಿ, ಆ ಆರು ತಿಂಗಳು ಸಾಲ್ಟ್ ಲೇಕ್ ಟೆಂಪಲ್ ಒಳಗೆ ಎಲ್ಲರಿಗೂ ಪ್ರವೇಶ ಕೊಡ್ತೀವಿ ಅಂತ ಚರ್ಚ್ ಹೇಳಿದೆ, 1893ರಲ್ಲಿ ಉದ್ಘಾಟನೆ ಆದ್ಮೇಲೆ ಹೊರಗಿನೋರಿಗೆ ಅದು ತೆರೀತಿರೋದು ಇದೇ ಮೊದಲು. ನಾನಂತೂ ಅಮ್ಮನ ವೀಸಾ ಡೇಟ್ ನೋಡಿ ಆಗ್ಲೇ ರಜಾ ಹಾಕೋ ಲೆಕ್ಕದಲ್ಲಿದೀನಿ.